ಹಸಿ ತರಕಾರಿಯೂ ಜಂತುಹುಳುವೂ

ಬೆಲ್ಲ ತಿಂದರೆ ಮಕ್ಕಳ ಹೊಟ್ಟೆಯಲ್ಲಿ ಹುಳುವಾಗುವುದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಬೆಲ್ಲದ ಡಬ್ಬಿಯನ್ನು ಕೈಗೆಟುಕದಂತೆ ಮೇಲಿಟ್ಟ ತಾಯಿಯೇ, ಮಡಿಯಿಂದ ಆಗತಾನೆ ಕಿತ್ತ ಮೂಲಂಗಿಯನ್ನು ಲಂಗಕ್ಕೆ ಒರೆಸಿಕೊಂಡು ಕಚ್ಚುವ ಮಗಳನ್ನು ಕಂಡು, ತರಕಾರಿ ತಿನ್ನುತ್ತಿದೆಯಲ್ಲಾ ಎಂದು ಹಿಗ್ಗುವುದೂ ಉಂಟು. ಆದರೆ ಬೆಲ್ಲವು ವೃಥಾ ಹೊತ್ತಿರುವ ಅಪವಾದವು ನ್ಯಾಯವಾಗಿ ಸಲ್ಲಬೇಕಾದುದು ಆ ಮೂಲಂಗಿಗೆ ಅಂಟಿದ ಮಣ್ಣಿಗೆ.

ಜಂತುಹುಳುಗಳಲ್ಲಿ ಮುಖ್ಯವಾದ ದುಂಡುಹುಳುವಿಗೆ ಶಾಸ್ತ್ರಜ್ಞರು ಆಸ್ಕರಿಸ್ ಎಂದು ಹೆಸರಿಟ್ಟಿದ್ದಾರೆ. ಮಾಸಲು ಬಿಳುಪಿನ, ಗೇಣುದ್ದವನ್ನೂ ಮೀರಿ ಬೆಳೆಯಬಲ್ಲ ಇದರ ಹೆಣ್ಣು ದಿನವೊಂದಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡುವುದಾದರೂ, ಅವುಗಳಲ್ಲಿ ಒಂದೂ ಅದೇ ಕರುಳಿನಲ್ಲಿ ಮರಿಯಾಗಲಾರದು. ಮಲದೊಡನೆ ಹೊರಬಿದ್ದು, ತೇವವುಳ್ಳ ಮಣ್ಣಿನಲ್ಲಿ ಎರಡು ಮೂರು ವಾರಗಳನ್ನಾದರೂ ಕಳೆದಲ್ಲದೆ ಒಳಗಿನ ಮರಿ ಬಲಿಯದು. ಆದಕಾರಣ ಮಗುವಿನ ಹೊಟ್ಟೆಯಲ್ಲಿ ಹತ್ತು ಹುಳುಗಳಿದ್ದರೆ, ಬಲಿತ ಹತ್ತು ಮೊಟ್ಟೆಗಳಾದರೂ ಬಾಯಿಯ ಮೂಲಕವೇ ಒಳಹೊಕ್ಕಿರಬೇಕು.

ನುಂಗಿದ ಮೊಟ್ಟೆಯೊಡೆದು ಹೊರಬಂದ ಮರಿಯು ಕರುಳಿನ ಭಿತ್ತಿಯನ್ನು ಕೊರೆದು, ರಕ್ತದೊಡನೆ ಯಕೃತ್ತನ್ನೂ ಹೃದಯವನ್ನೂ ಹಾದು, ಶ್ವಾಸಕೋಶದಲ್ಲಿ ಹತ್ತು ಹದಿನಾಲ್ಕು ದಿನ ಬೆಳೆದು, ಗಂಟಲಿಗೇರಿ, ಉಗುಳಿನೊಡನೆ ಮರಳಿ ಕರುಳಿಗಿಳಿಯುತ್ತದೆ. ಜಪಾನಿನ ವೈದ್ಯ ಕೊಯಿನೊ 1922ರಲ್ಲಿ ತಾನೇ 2,000 ಮೊಟ್ಟೆಗಳನ್ನು ನುಂಗಿ, ಕೆಲವು ದಿನಗಳ ಮೇಲೆ ತನ್ನ ಕಫದಲ್ಲಿಯೇ ಮರಿಗಳನ್ನು ಕಂಡು ಈ ವಿಚಿತ್ರ ಯಾತ್ರೆಯನ್ನು ಪ್ರಮಾಣೀಕರಿಸಿದನು. ಮಗುವಿನ ಕೆಮ್ಮಿಗೆ ಒಮ್ಮೊಮ್ಮೆ ಹೊಟ್ಟೆಯ ಹುಳುವೇ ಮೂಲವಾಗುವುದು ಹೀಗೆ.

ಚರಂಡಿಯ ನೀರು ಹಾಯಿಸಿದ ತೋಟದ ಕೊತ್ತಂಬರಿಯ ಬುಡದಲ್ಲಿಯೂ ಗಜ್ಜರಿಯ ಬಿರುಕುಗಳಲ್ಲಿಯೂ ಸೇರಿಕೊಳ್ಳುವ ಈ ಮೊಟ್ಟೆ ಕಣ್ಣಿಗೆ ಕಾಣದು. ಹೊರಗವಚವು ಅಂಟಾಗಿರುವುದರಿಂದ ಒಂದು ಸಲ ನೀರಿನಲ್ಲಿ ಅದ್ದಿ ತೆಗೆದರೆ ಹೋಗದು. ಪ್ರಯೋಗಶಾಲೆಗಳಲ್ಲಿ ನೀರು ಬೆರೆಸಿ ತೆಳುವಾಗಿಸಿದ ಗಂಧಕಾಮ್ಲದಲ್ಲಿಟ್ಟೇ ಇದನ್ನು ಬಲಿಸುವ ಪದ್ಧತಿಯಿರುವಾಗ, ಕೋಸಂಬರಿಗೆ ಹಿಂಡಿದ ನಿಂಬೆರಸ ಇದನ್ನೇನು ಮಾಡೀತು? ಕುದಿಯುವ ನೀರನ್ನು ಮಾತ್ರ ಇದು ಸಹಿಸದು. ಆದುದರಿಂದ ಬೇಯಿಸಿದ ಪಲ್ಯಕ್ಕೆ ಅಂಜಬೇಕಾದುದಿಲ್ಲ. ಹಸಿಯಾಗಿ ತಿನ್ನುವುದಾದರೆ ಸೊಪ್ಪನ್ನು ಎಲೆಯೆಲೆಯಾಗಿ ಬಿಡಿಸಿ, ನಾಲ್ಕಾರು ನೀರಿನಲ್ಲಿ ಉಜ್ಜಿ ತೊಳೆದು, ಗೆಡ್ಡೆಗಳ ಸಿಪ್ಪೆ ಹೆರೆದು, ಹೆರೆದ ಕೈಯನ್ನೂ ಸಾಬೂನಿನಿಂದ ತೊಳೆಯತಕ್ಕದ್ದು.

2015ರಿಂದ ಫೆಬ್ರವರಿ 10ರಂದು ಶಾಲೆ ಅಂಗನವಾಡಿಗಳಲ್ಲಿ ಕೊಡುತ್ತಿರುವ ಆಲ್ಬೆಂಡಜೋಲ್ ಮಾತ್ರೆಯು ಹುಳುವಿಗೆ ಸಕ್ಕರೆಯ ಅಂಶ ದಕ್ಕದಂತೆ ಮಾಡಿ ಅದನ್ನು ಉಪವಾಸದಿಂದ ಕೊಲ್ಲುತ್ತದೆ. ಆದರೆ ಅದು ಇಂದಿರುವ ಹುಳುವಿಗೆ ಮದ್ದೇ ಹೊರತು ನಾಳೆ ನುಂಗುವ ಮೊಟ್ಟೆಗೆ ತಡೆಯಲ್ಲ. ಮಣ್ಣನ್ನು ಮುಟ್ಟದೆ ಈ ಹುಳುವಿನ ವಂಶ ಬೆಳೆಯಲಾರದಾದ್ದರಿಂದ, ತಟ್ಟೆಯ ತರಕಾರಿಯನ್ನು ತೊಳೆಯುವುದು ಮನೆಯವರ ಕೆಲಸವಾದರೆ, ಊರಿನ ಮಲವು ತರಕಾರಿಯ ಮಡಿಯನ್ನು ಸೇರದಂತೆ ನೋಡಿಕೊಳ್ಳುವುದು ಊರಿನವರ ಕೆಲಸ. ಎರಡನೆಯದು ನಡೆಯದಿರುವಷ್ಟು ಕಾಲ ಮೊದಲನೆಯದಕ್ಕೆ ಬಿಡುವಿಲ್ಲ.