ಹಾಲು ಕರೆಯುವವರ ಹೆಸರು ಡೈರಿ ಪುಸ್ತಕದಲ್ಲಿರಲಿ



ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಾಚುವವರು ಯಾರು? ಹುಲ್ಲು ಕೊಯ್ದು ತರುವವರು, ಹಿಂಡಿ ನೆನೆಸುವವರು, ಕರು ಬಿಟ್ಟು ಹಾಲು ಕರೆಯುವವರು ಯಾರು? ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ: ಮನೆಯ ಹೆಣ್ಣುಮಕ್ಕಳು. ಈಗ ನಿಮ್ಮ ಡೈರಿಯ ಪಾಸ್ ಪುಸ್ತಕ ತೆಗೆದು ಮೊದಲ ಪುಟ ನೋಡಿ. ಅಲ್ಲಿ ಯಾರ ಹೆಸರಿದೆ?

ಹೆಸರು ಯಾರದಾದರೇನು, ದುಡ್ಡು ಒಂದೇ ಮನೆಗೆ ಬರುತ್ತದಲ್ಲ ಎಂದು ನೀವು ಕೇಳಬಹುದು. ಆದರೆ ಸಹಕಾರ ಸಂಘದಲ್ಲಿ ಹಕ್ಕು ಇರುವುದು ಸದಸ್ಯರಿಗೆ ಮಾತ್ರ. ಹಾಲಿನ ಬಟವಾಡೆ, ವರ್ಷದ ಕೊನೆಯ ಬೋನಸ್, ಷೇರಿನ ಮೇಲಿನ ಲಾಭಾಂಶ ಎಲ್ಲವೂ ಸದಸ್ಯರ ಹೆಸರಿಗೇ ಬರುತ್ತವೆ. ರಾಜ್ಯ ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಸದಸ್ಯರ ಬ್ಯಾಂಕ್ ಖಾತೆಗೇ ಜಮೆಯಾಗುತ್ತದೆ. ದಿನಕ್ಕೆ 8 ಲೀಟರ್ ಹಾಕುವ ಮನೆಯಲ್ಲಿ ಪ್ರೋತ್ಸಾಹಧನ ಒಂದೇ ತಿಂಗಳಿಗೆ 1,200 ರೂಪಾಯಿ ಆಗುತ್ತದೆ. ಸಭೆಯಲ್ಲಿ ಪ್ರಶ್ನೆ ಕೇಳುವ, ಚುನಾವಣೆಯಲ್ಲಿ ಮತ ಹಾಕುವ, ನಿರ್ದೇಶಕ ಸ್ಥಾನಕ್ಕೆ ನಿಲ್ಲುವ ಹಕ್ಕೂ ಸದಸ್ಯರದೇ. ಇಪ್ಪತ್ತು ವರ್ಷ ಹಾಲು ಕರೆದರೂ ಹೆಸರು ಇಲ್ಲದಿದ್ದರೆ ಸಂಘದ ಲೆಕ್ಕದಲ್ಲಿ ನೀವು ಇಲ್ಲ.

ಇದರ ಬಿಸಿ ತಟ್ಟುವುದು ಕಷ್ಟಕಾಲದಲ್ಲಿ. ಮನೆಯ ಯಜಮಾನರು ತೀರಿಕೊಂಡರೆ, ಅವರ ಹೆಸರಿನಲ್ಲಿರುವ ಷೇರು ಮತ್ತು ಬಾಕಿ ಹಣ ಪಡೆಯಲು ನಾಮನಿರ್ದೇಶನ ಯಾರ ಹೆಸರಿಗಿದೆ ಎಂಬುದು ಮುಖ್ಯವಾಗುತ್ತದೆ. ಮದುವೆಗೆ ಮುಂಚೆ ಸದಸ್ಯರಾದವರು ಅಣ್ಣನನ್ನೋ ತಾಯಿಯನ್ನೋ ನಾಮಿನಿ ಮಾಡಿ ಮರೆತಿರುವುದುಂಟು. ದುಃಖದ ಮನೆಯಲ್ಲಿ ಹೆಣ್ಣುಮಗಳು ಕಾಗದ ಹಿಡಿದು ಅಲೆಯುವಂತಾಗಬಾರದು. ಬ್ಯಾಂಕಿನಲ್ಲಿ ರಾಸು ಸಾಲ ಕೇಳುವಾಗಲೂ ಹೀಗೆಯೇ. ಹಾಲಿನ ಹಣ ತಪ್ಪದೆ ಜಮೆಯಾಗಿರುವ ಖಾತೆ ಯಾರದೋ, ಸಾಲ ತೀರಿಸುವ ಶಕ್ತಿ ಅವರಿಗಿದೆ ಎಂದು ಬ್ಯಾಂಕು ನೋಡುತ್ತದೆ.

ಮಹಿಳಾ ಸಂಘಗಳು ಬಂದದ್ದು ಹೇಗೆ?

ಈ ಕೊರತೆ ತುಂಬಲೆಂದೇ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿದವು. ನಮ್ಮ ರಾಜ್ಯದಲ್ಲಿ ಆನಂದ್ ಮಾದರಿಯ ಹೈನುಗಾರಿಕೆ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾಯಿತು. ಹಳ್ಳಿ ಹಳ್ಳಿಯಲ್ಲಿ ಸಂಘಗಳಾದವು, ಆದರೆ ಸದಸ್ಯತ್ವ ಬಹುಪಾಲು ಗಂಡಸರ ಹೆಸರಿನಲ್ಲೇ ಉಳಿಯಿತು. 1986-87ರಲ್ಲಿ ಕೇಂದ್ರ ಸರ್ಕಾರ ಮಹಿಳೆಯರ ತರಬೇತಿ ಮತ್ತು ಉದ್ಯೋಗಕ್ಕಾಗಿ 'ಸ್ಟೆಪ್' ಯೋಜನೆ ತಂದಿತು. ಅದರ ನೆರವಿನಿಂದ ಕರ್ನಾಟಕ ಹಾಲು ಮಹಾಮಂಡಳ ಮತ್ತು ಜಿಲ್ಲಾ ಒಕ್ಕೂಟಗಳು ಮಹಿಳೆಯರೇ ನಡೆಸುವ ಸಂಘಗಳನ್ನು ಕಟ್ಟಿದವು. ಈ ಸಂಘಗಳಲ್ಲಿ ಸದಸ್ಯರು, ಅಧ್ಯಕ್ಷರು, ನಿರ್ದೇಶಕರು ಎಲ್ಲರೂ ಹೆಣ್ಣುಮಕ್ಕಳೇ.

ಹೊರರಾಜ್ಯಗಳಲ್ಲೂ ಇಂಥ ದಾರಿ ಹಿಡಿದವರಿದ್ದಾರೆ. ತೆಲಂಗಾಣದ ಮುಲ್ಕನೂರಿನ ಹೆಣ್ಣುಮಕ್ಕಳು ಮೊದಲು ಉಳಿತಾಯ ಸಂಘಗಳನ್ನು ಕಟ್ಟಿ, ಹಣದ ಲೆಕ್ಕ ಕಲಿತು, 2000ದಲ್ಲಿ ತಮ್ಮದೇ ಹಾಲು ಒಕ್ಕೂಟ ಮಾಡಿಕೊಂಡರು. ಅವರ 'ಸ್ವಕೃಷಿ' ಹಾಲು ಇಂದಿಗೂ ಮಾರಾಟವಾಗುತ್ತಿದೆ. ಗುಜರಾತಿನಲ್ಲಿ ಇಳಾ ಭಟ್ ಅವರು 1972ರಲ್ಲಿ ಕಟ್ಟಿದ ಸೇವಾ ಸಂಘಟನೆಯ ನಾಲ್ಕು ಸಾವಿರ ಬಡ ಹೆಣ್ಣುಮಕ್ಕಳು ತಲಾ 10 ರೂಪಾಯಿ ಷೇರು ಹಾಕಿ 1974ರಲ್ಲಿ ಸಹಕಾರ ಬ್ಯಾಂಕು ತೆರೆದರು. ಸಹಿ ಬಾರದವರಿಗೆ ಪಾಸ್ ಪುಸ್ತಕದಲ್ಲಿ ಫೋಟೊ ಅಂಟಿಸಿ ಗುರುತು ಹಿಡಿದರು. ಓದು ಬಾರದು ಎಂಬುದು ಲೆಕ್ಕ ಇಡಲು ಅಡ್ಡಿಯಲ್ಲ ಎಂದು ಅವರು ತೋರಿಸಿಕೊಟ್ಟರು.

ಹಾಲು ಹಾಕುವುದರಿಂದ ಮುಂದೆ

ಸಂಘವೆಂದರೆ ಕ್ಯಾನು ಸುರಿದು ಬರುವ ಜಾಗ ಮಾತ್ರವಲ್ಲ, ಅಲ್ಲಿ ಕೆಲಸಗಳೂ ಇವೆ. ಹಾಲು ಪರೀಕ್ಷಕಿಯಾದವರು ಜಿಡ್ಡು ಮತ್ತು ಎಸ್‌ಎನ್‌ಎಫ್ ಅಳೆಯುವುದನ್ನು ಕಲಿಯುತ್ತಾರೆ. ದರ ನಿಂತಿರುವುದೇ ಈ ಎರಡರ ಮೇಲೆ. ಕಾರ್ಯದರ್ಶಿ, ಅಂದರೆ ಈಗಿನ ಮುಖ್ಯ ಕಾರ್ಯನಿರ್ವಾಹಕಿಯಾದವರು ನಗದು ಪುಸ್ತಕ, ಪಶು ಆಹಾರದ ದಾಸ್ತಾನು, ಬಟವಾಡೆ ಪಟ್ಟಿ ನೋಡಿಕೊಳ್ಳುತ್ತಾರೆ. ಕೃತಕ ಗರ್ಭಧಾರಣೆ, ಪ್ರಥಮ ಚಿಕಿತ್ಸೆ ಕಲಿತ ಕಾರ್ಯಕರ್ತೆಗೆ ಊರಿನ ಕೊಟ್ಟಿಗೆಗಳಲ್ಲೇ ಕೆಲಸ ಸಿಗುತ್ತದೆ. ಹತ್ತನೇ ತರಗತಿ ಓದಿ ಮದುವೆಯಾಗಿ ಬಂದ ಸೊಸೆಯರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಊರು ಬಿಡದೆ ಸಂಬಳದ ಕೆಲಸ ಹಿಡಿಯಲು ಅವರಿಗೆ ಇದಕ್ಕಿಂತ ಹತ್ತಿರದ ದಾರಿ ಕಡಿಮೆ.

ಎಲ್ಲ ಸಂಘಗಳ ಆಡಳಿತ ಮಂಡಳಿಯಲ್ಲೂ ಮಹಿಳೆಯರಿಗೆ ಸ್ಥಾನ ಮೀಸಲಿಡಲು ನಮ್ಮ ಸಹಕಾರ ಕಾಯ್ದೆಯಲ್ಲಿ ಅವಕಾಶವಿದೆ. ಆದ್ದರಿಂದ ನಿಮ್ಮೂರಿನಲ್ಲಿ ಮಹಿಳಾ ಸಂಘ ಇಲ್ಲದಿದ್ದರೂ ಈಗಿರುವ ಸಂಘದಲ್ಲೇ ನೀವು ನಿರ್ದೇಶಕರಾಗಬಹುದು.

ಹೆಸರಿಗಷ್ಟೇ ಅಧ್ಯಕ್ಷೆ ಆಗಬೇಡಿ

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಫಲಕದಲ್ಲಿ ಹೆಂಡತಿಯ ಹೆಸರು, ಕುರ್ಚಿಯಲ್ಲಿ ಗಂಡ ಎಂಬ ಸಂಘಗಳೂ ಇವೆ. ಮನೆಗೆ ಬಂದ ಪುಸ್ತಕಕ್ಕೆ ಅಡುಗೆಮನೆಯಲ್ಲೇ ಸಹಿ ಬೀಳುತ್ತದೆ. ಆದರೆ ಲೆಕ್ಕಪರಿಶೋಧನೆಯಲ್ಲಿ ಹಣ ಕಡಿಮೆ ಬಂದರೆ ಉತ್ತರ ಕೊಡಬೇಕಾದವರು ಸಹಿ ಹಾಕಿದವರೇ. 'ನಮ್ಮ ಯಜಮಾನರು ಹೇಳಿದರು, ಹಾಕಿದೆ' ಎಂಬ ಮಾತು ಅಲ್ಲಿ ನಡೆಯದು.

ಆದ್ದರಿಂದ ಮೂರು ನಿಯಮ ಇಟ್ಟುಕೊಳ್ಳಿ. ನಡವಳಿ ಪುಸ್ತಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಎಲ್ಲರೂ ಕೇಳಿದ ಮೇಲೆ ಸಹಿ ಹಾಕಿ. ಖಾಲಿ ಚೆಕ್ಕಿಗೆ ಯಾವ ಕಾರಣಕ್ಕೂ ಸಹಿ ಬೇಡ. ಆಡಳಿತ ಮಂಡಳಿ ಸಭೆಯಲ್ಲಿ ಸದಸ್ಯರಲ್ಲದವರು ಕೂರುವಂತಿಲ್ಲ. ಅವರು ಮನೆಯವರೇ ಆಗಿದ್ದರೂ ಸರಿ. ಗಂಡಸರು ಕ್ಯಾನು ಹೊತ್ತು ತಂದುಕೊಡಲಿ, ರಾತ್ರಿ ಟ್ಯಾಂಕರ್ ಬಂದಾಗ ಜೊತೆಗೆ ಬರಲಿ. ಆ ನೆರವು ಬೇಕು. ತೀರ್ಮಾನ ಮಾತ್ರ ಸದಸ್ಯರದಾಗಿರಲಿ.

ನೀವು ಈಗ ಮಾಡಬೇಕಾದದ್ದು

ಒಂದು: 18 ವರ್ಷ ತುಂಬಿದ, ಸಂಘದ ವ್ಯಾಪ್ತಿಯಲ್ಲಿ ವಾಸವಿದ್ದು ಕರೆಯುವ ರಾಸು ಇರುವ ಹೆಣ್ಣುಮಕ್ಕಳು ಸದಸ್ಯತ್ವಕ್ಕೆ ಲಿಖಿತ ಅರ್ಜಿ ಕೊಡಿ. ಷೇರು ಹಣ ಕಟ್ಟಿದ್ದಕ್ಕೆ ರಸೀದಿ ಪಡೆಯಿರಿ. ಒಂದೇ ಮನೆಯಲ್ಲಿ ಇಬ್ಬರು ಸದಸ್ಯರಾಗಬಹುದೇ, ಇಲ್ಲವಾದರೆ ಷೇರನ್ನು ವರ್ಗಾಯಿಸಿಕೊಳ್ಳುವುದು ಹೇಗೆ ಎಂದು ನಿಮ್ಮ ಸಂಘದ ಉಪನಿಯಮ ನೋಡಿ ಕೇಳಿ.

ಎರಡು: ನಿಮ್ಮದೇ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಿಸಿ, ಆ ಖಾತೆ ಸಂಖ್ಯೆಯನ್ನೇ ಸಂಘಕ್ಕೆ ಕೊಡಿ.

ಮೂರು: ಹಾಲು ನಿಮ್ಮ ಸದಸ್ಯತ್ವ ಸಂಖ್ಯೆಗೇ ಜಮೆಯಾಗಲಿ. ಮತದ ಹಕ್ಕು ಉಳಿಯಲು ಹಾಲು ಪೂರೈಕೆ ಮತ್ತು ಸಭೆಯ ಹಾಜರಾತಿ ಎರಡನ್ನೂ ನೋಡುತ್ತಾರೆ. ವಾರ್ಷಿಕ ಮಹಾಸಭೆಗೆ ನೀವೇ ಹೋಗಿ, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ.

ನಾಲ್ಕು: ಮನೆಯಲ್ಲಿ ಈಗಾಗಲೇ ಸದಸ್ಯರಾಗಿರುವವರು ನಾಮಿನಿ ಹೆಸರನ್ನು ಈ ತಿಂಗಳೇ ಪರಿಶೀಲಿಸಿ. ಬದಲಿಸಬೇಕಿದ್ದರೆ ಸಂಘದಲ್ಲಿ ಬರೆದುಕೊಡಿ.

ಐದು: ಊರಿನಲ್ಲಿ ಮಹಿಳಾ ಸಂಘ ಬೇಕೆಂದಿದ್ದರೆ ಮೊದಲು ಹತ್ತಾರು ಹೆಣ್ಣುಮಕ್ಕಳು ಒಂದೆಡೆ ಕೂತು ಮಾತಾಡಿ. ಸ್ತ್ರೀಶಕ್ತಿ ಗುಂಪು ಇದ್ದರೆ ಅಲ್ಲಿಂದಲೇ ಶುರು ಮಾಡಿ. ಉಳಿತಾಯದ ಪುಸ್ತಕ ಬರೆದವರಿಗೆ ಡೈರಿಯ ಪುಸ್ತಕ ಹೊಸದೇನಲ್ಲ. ದಿನಕ್ಕೆ ಊರಿನಲ್ಲಿ ಎಷ್ಟು ಹಾಲು ಸಿಗುತ್ತದೆ ಎಂದು ಪಟ್ಟಿ ಮಾಡಿ, ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಯನ್ನು ಕರೆಸಿ. ಈಗಿರುವ ಸಂಘವನ್ನು ಒಡೆದು ಇನ್ನೊಂದು ಕಟ್ಟಿದರೆ ಎರಡಕ್ಕೂ ಹಾಲು ಸಾಲದೆ ಹೋಗಬಹುದು. ಅಂಥ ಕಡೆ ಹಳೆಯ ಸಂಘದಲ್ಲೇ ಸದಸ್ಯರಾಗುವುದು ಒಳ್ಳೆಯದು.

ಗಂಡಸರಿಗೂ ಒಂದು ಮಾತು. ಹೆಂಡತಿಯ ಹೆಸರು ಪುಸ್ತಕಕ್ಕೆ ಬಂದರೆ ನಿಮ್ಮ ಮನೆಯ ಹಾಲು ಒಂದು ತೊಟ್ಟೂ ಕಡಿಮೆಯಾಗದು. ಮುಂದಿನ ಬಟವಾಡೆಗೆ ಡೈರಿಗೆ ಹೋಗುವಾಗ ಇಬ್ಬರೂ ಜೊತೆಯಾಗಿ ಹೋಗಿ, ಸದಸ್ಯತ್ವದ ಅರ್ಜಿ ಕೇಳಿ ತನ್ನಿ.