ಮನೆಯ ಸ್ವಿಚ್ಚಿಗೆ ಯಜಮಾನರು ಯಾರು?

ಮೊಬೈಲಿನಿಂದಲೇ ದೀಪ ಹಚ್ಚುವ ಸ್ವಿಚ್ಚುಗಳು ಈಗ ನಮ್ಮ ಹಿರಿಯಡ್ಕದಂತಹ ಊರುಗಳಿಗೂ ಬಂದಿವೆ. ಅವುಗಳ ಒಳಗೇನಿದೆ ಎಂದು ವಿಚಾರಿಸುವವರು ಮಾತ್ರ ವಿರಳ. ಅನೇಕ ಸ್ವಿಚ್ಚುಗಳ ಹೃದಯವೆಂದರೆ ಉಗುರಿನಷ್ಟಗಲದ ಒಂದು ಚಿಪ್. ಶಾಂಘಾಯಿಯ ಎಸ್‌ಪ್ರೆಸಿಫ್ ಸಂಸ್ಥೆಯು 2014ರಲ್ಲಿ ಹೊರತಂದ ಇಎಸ್‌ಪಿ 8266 ಇಂತಹುದು. ಸಣ್ಣದೊಂದು ಗಣಕವೂ ವೈಫೈಯೂ ಇದರಲ್ಲಿ ಒಂದಾಗಿ ಅಡಗಿವೆ.

ಆದರೆ ಚಿಪ್ಪಿಗೆ ಸ್ವಂತ ಬುದ್ಧಿಯಿಲ್ಲ. ಏನು ಮಾಡಬೇಕೆಂದು ಅದಕ್ಕೆ ಹೇಳಿಕೊಡುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಕಂಪೆನಿಯವರು ತುಂಬಿಕೊಟ್ಟ ಫರ್ಮ್‌ವೇರ್ ಬಹುಮಟ್ಟಿಗೆ ಅವರ ಸರ್ವರನ್ನೇ ನಂಬಿಕೊಂಡಿರುತ್ತದೆ. ನಾವು ಚಾವಡಿಯಲ್ಲಿ ಕುಳಿತು ಗುಂಡಿಯೊತ್ತಿದರೆ, ಆಜ್ಞೆಯು ದೂರದ ಸರ್ವರಿಗೆ ಹೋಗಿ, ಅಲ್ಲಿಂದ ಮರಳಿ, ನಾಲ್ಕು ಮಾರು ಆಚೆಗಿರುವ ದೀಪವನ್ನು ಮುಟ್ಟುತ್ತದೆ! ಆಟಿಯ ಗಾಳಿಮಳೆಗೆ ಇಂಟರ್‌ನೆಟ್ ತಂತಿ ಕಡಿದರೆ, ಮನೆಯಲ್ಲಿ ವಿದ್ಯುತ್ ಇದ್ದರೂ ಆ ಗುಂಡಿ ನಿರುಪಯೋಗಿ. ಸರ್ವರನ್ನೇ ಮುಚ್ಚಿದರೆ? ಅಮೆರಿಕದಲ್ಲಿ ರಿವಾಲ್ವ್ ಎಂಬ ಗೃಹಯಂತ್ರದ ಸೇವೆಯನ್ನು 2016ರ ಮೇ ತಿಂಗಳಲ್ಲಿ ನಿಲ್ಲಿಸಿದಾಗ, ಹಣ ತೆತ್ತು ಕೊಂಡವರ ಯಂತ್ರಗಳು ಕೆಡದಿದ್ದರೂ ಕೆಲಸಕ್ಕೆ ಬಾರದಾದವು.

ಇದಕ್ಕೊಂದು ಪರಿಹಾರವುಂಟು. ನೆದರ್ಲೆಂಡ್ಸಿನ ಥಿಯೋ ಆರೆಂಡ್ಸ್ ಎಂಬವರು 2016ರಲ್ಲಿ ಆರಂಭಿಸಿದ ಟಾಸ್ಮೋಟಾ ಒಂದು ಮುಕ್ತ ಫರ್ಮ್‌ವೇರ್. ಅದನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಳೆಯದನ್ನು ಅಳಿಸಿ ಇದನ್ನು ತುಂಬುವ ಕ್ರಮ ಕಠಿನವಲ್ಲ.

ಬೇಕಾದುದು ಒಂದು ಕಂಪ್ಯೂಟರು, 3.3 ವೋಲ್ಟಿನ ಯುಎಸ್‌ಬಿ ಸೀರಿಯಲ್ ಅಡಾಪ್ಟರು ಮತ್ತು ನಾಲ್ಕು ತಂತಿಗಳು. 5 ವೋಲ್ಟು ಕೊಟ್ಟರೆ ಚಿಪ್ ಸುಡುವ ಭಯವಿದೆ. ಎರಡು ತಂತಿಗಳು 3.3 ವೋಲ್ಟಿಗೂ ಗ್ರೌಂಡಿಗೂ ಸೇರಬೇಕು. ಅಡಾಪ್ಟರಿನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ಟಿಎಕ್ಸ್‌ಗೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಎಂಬಂತೆ. ಜಿಪಿಐಒ 0 ಎಂಬ ಕಾಲನ್ನು ಗ್ರೌಂಡಿಗೆ ಮುಟ್ಟಿಸಿ ವಿದ್ಯುತ್ ಕೊಟ್ಟರೆ, ಚಿಪ್ ಹೊಸ ಪಾಠಕ್ಕೆ ಸಿದ್ಧವಾಗುತ್ತದೆ. ಆಗ ಇಎಸ್‌ಪಿಟೂಲ್ ಎಂಬ ಸಾಧನದಿಂದ ಹಳೆಯದರ ಪ್ರತಿ ತೆಗೆದಿಟ್ಟು, ಅಳಿಸಿ, ಹೊಸದನ್ನು ಬರೆಯಬೇಕು. ಬಳಿಕ ಆ ಕಾಲನ್ನು ಬಿಡಿಸಿ ಮತ್ತೆ ಚಾಲೂ ಮಾಡಿದರೆ ಬೋರ್ಡು ತನ್ನದೇ ವೈಫೈ ಹರಡುತ್ತದೆ. ಮೊಬೈಲಿನಲ್ಲಿ ಅದಕ್ಕೆ ಸೇರಿ, 192.168.4.1 ಎಂಬ ವಿಳಾಸವನ್ನು ತೆರೆದು, ಮನೆಯ ವೈಫೈಯ ಹೆಸರನ್ನೂ ಗುಪ್ತಪದವನ್ನೂ ಕೊಟ್ಟು, ಬೋರ್ಡಿನ ಜಾತಿಯನ್ನು ಆರಿಸಿದರೆ ಕಾರ್ಯ ಮುಗಿಯಿತು. ಇನ್ನು ಆಜ್ಞೆ ಮನೆಯ ಹೊಸಿಲು ದಾಟಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತು. ಈ ಕೆಲಸ ನಡೆಯುವಾಗ ಸ್ವಿಚ್ಚನ್ನು 230 ವೋಲ್ಟಿನ ಮನೆಯ ವಿದ್ಯುತ್ತಿಗೆ ಎಂದೂ ಜೋಡಿಸಿರಬಾರದು. ಅನೇಕ ಸ್ವಿಚ್ಚುಗಳಲ್ಲಿ ಆ ವಿದ್ಯುತ್ತಿಗೂ ಚಿಪ್ಪಿಗೂ ನಡುವೆ ಪ್ರತ್ಯೇಕತೆಯಿಲ್ಲ. ಮುಟ್ಟಿದರೆ ಪ್ರಾಣಕ್ಕೇ ಅಪಾಯ. ತೋಟದ ಪಂಪಿನಂತಹ ಮೋಟರನ್ನು ನೇರವಾಗಿ ಇಂತಹ ಸಣ್ಣ ರಿಲೇಗೆ ಕಟ್ಟುವುದೂ ಸಲ್ಲದು. ನಡುವೆ ಕಂಟ್ಯಾಕ್ಟರ್ ಬೇಕು, ಬಲ್ಲ ಎಲೆಕ್ಟ್ರಿಶಿಯನ್ ಬೇಕು. ಎಲ್ಲ ಸ್ವಿಚ್ಚುಗಳಲ್ಲಿಯೂ ಇದೇ ಚಿಪ್ ಇರುವುದಿಲ್ಲವಾದುದರಿಂದ, ಕೊಳ್ಳುವ ಮುನ್ನವೇ ವಿಚಾರಿಸುವುದು ಲೇಸು.

ಕಲಾ ವಿದ್ಯಾರ್ಥಿಗಳಾದ ನಮಗೆ ಈ ತಂತಿ-ಚಿಪ್ಪುಗಳ ಗೊಡವೆ ಏಕೆಂದು ಕೆಲವರು ಕೇಳಬಹುದು. ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಅಧಿಕಾರ ಯಾರ ಕೈಯಲ್ಲಿದೆ ಎಂದು ಚರ್ಚಿಸುತ್ತೇವಷ್ಟೆ. ಅದೇ ಪ್ರಶ್ನೆ ಈಗ ಗೋಡೆಯ ಮೇಲಿನ ಸ್ವಿಚ್ಚಿನಲ್ಲಿಯೂ ಇದೆ. ಯಜಮಾನಿಕೆ ನಮ್ಮದಾದರೆ ಹೊಣೆಯೂ ನಮ್ಮದೇ: ಗುಪ್ತಪದವನ್ನು ಕಾಯುವುದು, ಕಾಲಕಾಲಕ್ಕೆ ಹೊಸ ಆವೃತ್ತಿಯನ್ನು ತುಂಬುವುದು, ಕೆಟ್ಟರೆ ನಾವೇ ಸರಿಪಡಿಸುವುದು. ಈ ಹೊಣೆಯನ್ನು ಹೊರಲು ಕಲಿಯುವುದು ನಮ್ಮ ವಿದ್ಯೆಗೆ ಹೊರತಲ್ಲವೆಂದು ನನ್ನ ನಂಬಿಕೆ.