ಸರ್ಕಾರದ ಬಾಗಿಲಿಗೆ ಒಂದೇ ಬ್ರೌಸರ್ ಯಾಕೆ?

ಸುರಪುರದ ಮನೆಯಲ್ಲಿ ಕೂತು ನಮ್ಮ ದೊಡ್ಡಪ್ಪನ ಅರ್ಜಿ ತುಂಬೋಣ ಅಂದ್ರೆ ಮೊಬೈಲ್‌ನಲ್ಲಿ ಪುಟವೇ ತೆರೆಯಲಿಲ್ಲ. ಬಸ್ ಹಿಡಿದು ಶಹಾಪುರದ ಆನ್‌ಲೈನ್ ಸೆಂಟರ್‌ಗೆ ಹೋದ್ವಿ. "ಮೊಬೈಲ್‌ದಾಗ ಆಗಲ್ರೀ ಕಾಕಾ, ಎಡ್ಜ್‌ದಾಗ ಐಇ ಮೋಡ್ ಹಚ್ಚಿ ತೆಗಿಬೇಕು" ಅಂದ ಅಲ್ಲಿನ ಹುಡುಗ. ಕೆಲಸ ಐದು ನಿಮಿಷದ್ದು. ಆದರೆ ಬಸ್ ಚಾರ್ಜು, ಸೆಂಟರ್‌ನವರ ದುಡ್ಡು, ದೊಡ್ಡಪ್ಪನ ಒಂದು ದಿನದ ಕೂಲಿ ಎಲ್ಲವೂ ಹೋಯಿತು.

ಏನಿದು ಐಇ ಮೋಡ್? 2000ದ ಆಸುಪಾಸಿನಲ್ಲಿ ಬಹುತೇಕ ಕಂಪ್ಯೂಟರ್‌ಗಳಲ್ಲಿ ಇದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್. ಎಲ್ಲ ಬ್ರೌಸರ್‌ಗಳಿಗೂ ಒಪ್ಪುವ ಮಾನದಂಡಗಳನ್ನು ಬಿಟ್ಟು, ಅದೊಂದಕ್ಕೇ ಹೊಂದುವಂತೆ ಸಾವಿರಾರು ಜಾಲತಾಣಗಳನ್ನು ಕಟ್ಟಿದರು. ವಿಂಡೋಸ್‌ನಲ್ಲಿ ಮಾತ್ರ ಓಡುವ ಆಕ್ಟಿವ್‌ಎಕ್ಸ್ ಬಳಸಿದರು. ಮುಂದೆ ಬ್ರೌಸರ್‌ಗಳು ಮಾನದಂಡ ಪಾಲಿಸತೊಡಗಿದಾಗ ಈ ಹಳೆಯ ಪುಟಗಳು ಕೆಟ್ಟು ಕೂತವು. ಅದಕ್ಕೇ ಹೊಸ ಬ್ರೌಸರ್ ಹಳೆಯದರಂತೆ ನಟಿಸುವ ವ್ಯವಸ್ಥೆ ಬಂತು. 2009ರ ಮಾರ್ಚ್‌ನಲ್ಲಿ ಬಂದ ಐಇ 8ರಲ್ಲಿ 'ಕಂಪ್ಯಾಟಿಬಿಲಿಟಿ ವ್ಯೂ' ಎಂಬ ಗುಂಡಿಯೇ ಇತ್ತು. ಅದೇ ವರ್ಷದ ಡಿಸೆಂಬರ್ 30ಕ್ಕೆ ನಮ್ಮ ಯಾದಗಿರಿ ಜಿಲ್ಲೆಯಾಯಿತು. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಐಇಗೆ ವಿದಾಯ ಹೇಳಿತು. ಆದರೂ ಎಡ್ಜ್‌ನೊಳಗಿನ ಐಇ ಮೋಡ್ ಅನ್ನು ಕನಿಷ್ಠ 2029ರವರೆಗೆ ಉಳಿಸುವುದಾಗಿ ಹೇಳಿದೆ. ಅಷ್ಟೊತ್ತಿಗೆ ನಮ್ಮ ಜಿಲ್ಲೆಗೆ ಇಪ್ಪತ್ತು ತುಂಬಿರುತ್ತದೆ!

ಕನ್ನಡಿಗರಿಗೆ ಈ ರೋಗ ಹೊಸದಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ, ನಿರ್ದಿಷ್ಟ ಫಾಂಟ್ ಇಲ್ಲದಿದ್ದರೆ ಕನ್ನಡದ ಪುಟ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು.

ಹಳೆಯ ಪುಟಗಳನ್ನು ಬದುಕಿಸುವುದು ತಪ್ಪೇ? ಅಲ್ಲ. ಆದರೆ ತಾತ್ಕಾಲಿಕ ಊರುಗೋಲನ್ನೇ ಕಾಲು ಅಂದುಕೊಂಡರೆ ತೊಂದರೆ. ಐಇ ಮೋಡ್ ಇರುವುದು ವಿಂಡೋಸ್ ಕಂಪ್ಯೂಟರ್‌ನಲ್ಲಿ, ಮೊಬೈಲ್‌ನಲ್ಲಿ ಅಲ್ಲ. ಕಚೇರಿಯೊಳಗೆ ಕೂತವರಿಗೆ ಪುಟ ತೆರೆಯುತ್ತದೆ, ಹಾಗಾಗಿ ಅವರಿಗೆ ಸಮಸ್ಯೆಯೇ ಕಾಣುವುದಿಲ್ಲ. ಅದರ ಬೆಲೆ ತೆರುವವರು ಕೈಯಲ್ಲಿ ಮೊಬೈಲ್ ಬಿಟ್ಟು ಬೇರೇನೂ ಇಲ್ಲದವರು.

ಕೇಂದ್ರ ಸರ್ಕಾರದ ಜಾಲತಾಣ ಮಾರ್ಗಸೂಚಿ ಬಂದಿದ್ದೂ 2009ರಲ್ಲೇ. ಹಲವು ಬ್ರೌಸರ್‌ಗಳಲ್ಲಿ ಪರೀಕ್ಷಿಸಿ ಎಂದು ಅದು ಹೇಳುತ್ತದೆ. ಹಾಗಾಗಿ ಸರ್ಕಾರಿ ಪುಟ ತೆರೆಯದಿದ್ದರೆ "ನಮ್ ಫೋನೇ ಸರಿ ಇಲ್ಲ" ಅಂತ ಸುಮ್ಮನಾಗಬೇಡಿ. ಸ್ಕ್ರೀನ್‌ಶಾಟ್ ತೆಗೆದು ದೂರು ಕೊಡಿ. ಈ ಜಾಲತಾಣವನ್ನು ಯಾವ್ಯಾವ ಬ್ರೌಸರ್‌ಗಳಲ್ಲಿ, ಯಾವಾಗ ಪರೀಕ್ಷಿಸಿದ್ದೀರಿ ಎಂದು ಆರ್‌ಟಿಐ ಹಾಕಿ ಕೇಳಿ. ನಾನು ದೊಡ್ಡಪ್ಪನ ಹೆಸರಲ್ಲಿ ಅರ್ಜಿ ಬರೆಯುತ್ತಿದ್ದೇನೆ. ಇದನ್ನು ಮಾತ್ರ ಕಾಗದದ ಮೇಲೆ.